ಟೈಗಳ ಆಯ್ಕೆ ಮತ್ತು ಸಂಗ್ರಹ: ವಿನ್ಯಾಸ, ಬಣ್ಣ, ಬಟ್ಟೆಗಳನ್ನು ಅರಿತು ಕೊಳ್ಳುವವರಿಗೆ ಸಮಗ್ರ ಮಾರ್ಗದರ್ಶಿ

ಅಂಗಡಿಯಲ್ಲಿ ಸಾಲಾಗಿ ತೂಗುಹಾಕಿದ ಟೈಗಳ ನಡುವೆ ಕಣ್ಣಿಗೆ ಮೊದಲು ಬೀಳುವುದು ಯಾವುದೋ ಅದನ್ನೇ ಹೆಚ್ಚಿನವರು ಕೊಂಡು ತರುತ್ತಾರೆ. ನೂರು ಟೈಗಳ ಗುಂಪಿನಲ್ಲೂ ಎದ್ದು ಕಾಣುವ ಟೈ, ಒಬ್ಬರ ಎದೆಯ ಮೇಲೆ ಒಂಟಿಯಾಗಿ ಕುಳಿತಾಗ ಎಷ್ಟು ಗದ್ದಲ ಮಾಡೀತು ಎಂಬುದು ಆ ಕ್ಷಣದಲ್ಲಿ ಹೊಳೆಯುವುದಿಲ್ಲ. ಮನೆಯ ಕನ್ನಡಿಯ ಮುಂದೆ ನಿಂತಾಗ ಹೊಳೆಯುತ್ತದೆ, ಮತ್ತು ಆ ಟೈ ಎರಡು ಸಲ ಕಟ್ಟಿಸಿಕೊಂಡು ಬೀರುವಿನ ಮೂಲೆ ಸೇರುತ್ತದೆ. ನಾನೂ ಮೊದಲ ಕೆಲವು ವರ್ಷಗಳಲ್ಲಿ ಹೀಗೆಯೇ ಹದಿನೈದಿಪ್ಪತ್ತು ಟೈಗಳನ್ನು ಕೂಡಿಹಾಕಿದ್ದೆ. ಆದರೆ ಮುಖ್ಯವಾದ ಸಭೆಯಿರುವ ದಿನ ಬೆಳಿಗ್ಗೆ ಕೈ ಹೋಗುತ್ತಿದ್ದುದು ಅವುಗಳಲ್ಲಿ ಎರಡರ ಕಡೆಗೆ ಮಾತ್ರ. ಆ ಎರಡರಲ್ಲಿ ಅಂಥದ್ದೇನಿತ್ತು ಎಂದು ಕೂತು ನೋಡಿದಾಗ ಸಿಕ್ಕ ಅಳತೆಗೋಲನ್ನೇ ಈ ಬರಹದುದ್ದಕ್ಕೂ ಬಳಸಿದ್ದೇನೆ: ಹತ್ತು ಅಡಿ ದೂರದಿಂದ ಟೈ ಒಂದು ಬಣ್ಣವಾಗಿ ಕಾಣಬೇಕು, ಕೈ ಕುಲುಕುವಷ್ಟು ಹತ್ತಿರ ಬಂದವರಿಗೆ ಅದರ ವಿನ್ಯಾಸ ತೆರೆದುಕೊಳ್ಳಬೇಕು.

ಮೊದಲ ಹೆಜ್ಜೆ: ಇರುವ ಬಟ್ಟೆಗಳ ಲೆಕ್ಕ

ಟೈ ಕೊಳ್ಳುವ ಕೆಲಸ ಅಂಗಡಿಯಲ್ಲಿ ಅಲ್ಲ, ನಿಮ್ಮ ಬೀರುವಿನ ಮುಂದೆ ಆರಂಭವಾಗುತ್ತದೆ. ನೀವು ಟೈ ಜೊತೆ ಹಾಕಿಕೊಳ್ಳುವ ಕೋಟುಗಳನ್ನೂ ಶರ್ಟುಗಳನ್ನೂ ಹೊರಗೆ ತೆಗೆದು, ಕಿಟಕಿಯ ಪಕ್ಕದಲ್ಲಿ, ಹಗಲು ಬೆಳಕಿನಲ್ಲಿ ಹರವಿಕೊಳ್ಳಿ. ವಿದ್ಯುತ್ ದೀಪದ ಕೆಳಗೆ ಕಡುನೀಲಿ ಕಪ್ಪಾಗಿ ಕಾಣುತ್ತದೆ, ಮರೂನ್ ಕಂದಾಗಿ ಕಾಣುತ್ತದೆ. ಹಾಗಾಗಿ ಬಣ್ಣದ ಯಾವ ತೀರ್ಮಾನವನ್ನೂ ರಾತ್ರಿ ಮಾಡಬಾರದು. ಕೋಟುಗಳ ಬಣ್ಣ ಯಾವುದು, ಶರ್ಟುಗಳಲ್ಲಿ ಸಾದಾ ಎಷ್ಟು, ಪಟ್ಟೆ ಎಷ್ಟು, ಚೌಕಳಿ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಈಗಾಗಲೇ ಟೈಗಳಿದ್ದರೆ ಒಂದೊಂದನ್ನೂ ಶರ್ಟಿನ ಕಾಲರಿನ ಕೆಳಗೆ ಮಡಚಿಟ್ಟು, ಅದರ ಮೇಲೆ ಕೋಟಿನ ಎದೆಭಾಗವನ್ನು ಹೊದಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ. ಮೂರು ಕೋಟು–ಶರ್ಟು ಜೋಡಿಗಳಿಗಾದರೂ ಒಗ್ಗುವ ಟೈ ನಿಮ್ಮ ಸಂಗ್ರಹದ ಅಡಿಪಾಯಕ್ಕೆ ಸೇರುತ್ತದೆ. ಒಂದೇ ಒಂದು ಜೋಡಿಗೆ ಒಗ್ಗುವುದನ್ನು ಬೇರೆ ಇಡಿ. ಯಾವುದಕ್ಕೂ ಒಗ್ಗದ ಟೈ ಎಷ್ಟೇ ದುಬಾರಿಯದಾಗಿದ್ದರೂ ಅದನ್ನು ಬೇರೆಯವರಿಗೆ ಕೊಟ್ಟುಬಿಡುವುದು ಒಳ್ಳೆಯದು, ಏಕೆಂದರೆ ಬೀರುವಿನಲ್ಲಿ ಇದ್ದಷ್ಟು ದಿನವೂ ಅದು ಬೆಳಗಿನ ಆಯ್ಕೆಯನ್ನು ಗೊಂದಲಗೊಳಿಸುತ್ತಲೇ ಇರುತ್ತದೆ.

ಎರಡನೆಯ ಹೆಜ್ಜೆ: ಒಡಲಿನ ಬಣ್ಣ

ಸೀರೆಗೆ ಒಡಲಿರುವಂತೆ ಟೈಗೂ ಒಂದು ಒಡಲಿದೆ. ಪಟ್ಟೆ, ಚುಕ್ಕಿ, ಹೂವು ಎಲ್ಲವೂ ಅದರ ಮೇಲೆ ಕೂರುತ್ತವೆ. ಟೈಯನ್ನು ದೂರದಿಂದ ನೋಡುವವರಿಗೆ ತಲುಪುವುದು ಈ ಒಡಲಿನ ಬಣ್ಣ ಮಾತ್ರ. ಆದ್ದರಿಂದ ವಿನ್ಯಾಸದ ಕಡೆ ಕಣ್ಣು ಹೋಗುವ ಮೊದಲು ಒಡಲಿನ ಬಣ್ಣವನ್ನು ನಿರ್ಧರಿಸಿಕೊಳ್ಳಬೇಕು.

ಕಡುನೀಲಿಗೆ ಮೊದಲ ಸ್ಥಾನ. ಬೂದು, ನೀಲಿ, ಕಂದು ಯಾವ ಕೋಟಿನ ಜೊತೆಗೂ ಅದು ತಗಾದೆ ತೆಗೆಯುವುದಿಲ್ಲ, ಬಿಳಿ ಮತ್ತು ತಿಳಿನೀಲಿ ಶರ್ಟುಗಳೆರಡರ ಮೇಲೂ ಸಮನಾಗಿ ಒಪ್ಪುತ್ತದೆ. ಎರಡನೆಯದು ಮರೂನ್, ನೀಲಿ ಮತ್ತು ಬೂದು ಸೂಟುಗಳಿಗೆ ಅದು ಕೊಡುವ ಬೆಚ್ಚನೆಯ ಕಳೆಯನ್ನು ಬೇರೆ ಬಣ್ಣ ಕೊಡಲಾರದು. ಆಮೇಲೆ ಕಡುಹಸಿರು, ಕಾಫಿಪುಡಿಯಂಥ ಕಂದು, ಬೆಳ್ಳಿಬೂದು. ಕಡುಹಸಿರನ್ನು ಜನ ಮರೆತೇಬಿಡುತ್ತಾರೆ. ಕಂದು ಅಥವಾ ಬೂದು ಕೋಟಿನ ಜೊತೆ ಅದನ್ನು ಕಟ್ಟಿ ನೋಡಿದವರು ಮತ್ತೆ ಬಿಡುವುದಿಲ್ಲ. ಕಪ್ಪು ಸಾದಾ ಟೈ ಪಾಶ್ಚಾತ್ಯ ಪದ್ಧತಿಯಲ್ಲಿ ಶೋಕದ ಗುರುತಾಗಿರುವುದರಿಂದ ದಿನಬಳಕೆಗೆ ಅದನ್ನು ನಾನು ಸೂಚಿಸುವುದಿಲ್ಲ.

ಟೈ ಶರ್ಟಿಗಿಂತ ಕಡುವಾಗಿರಬೇಕು ಎಂಬ ಹಳೆಯ ನಿಯಮಕ್ಕೆ ಕಾರಣವಿದೆ. ಶರ್ಟು ಮುಖಕ್ಕೆ ಬೆಳಕು ಕೊಡುವ ಹಿನ್ನೆಲೆ. ಅದಕ್ಕಿಂತ ತಿಳಿಯಾದ ಟೈ ಕಟ್ಟಿದರೆ ನೋಡುವವರ ಕಣ್ಣು ಮುಖವನ್ನು ಬಿಟ್ಟು ಎದೆಗೆ ಇಳಿದು ಅಲ್ಲೇ ನಿಲ್ಲುತ್ತದೆ. ಫಳಫಳ ಹೊಳೆಯುವ ಸ್ಯಾಟಿನ್ ಟೈಗಳ ದೋಷವೂ ಇದೇ. ಬಣ್ಣ ಎಷ್ಟೇ ಸೌಮ್ಯವಾಗಿದ್ದರೂ ಹೊಳಪು ಅದನ್ನು ಕೂಗುವಂತೆ ಮಾಡುತ್ತದೆ. ಚರ್ಮ, ಕೂದಲುಗಳ ಬಣ್ಣದ ನಡುವಿನ ಅಂತರ ಹೆಚ್ಚಿರುವವರಿಗೆ ಗಾಢ ಟೈ–ಬಿಳಿ ಶರ್ಟಿನ ಬಿರುಸಾದ ವ್ಯತ್ಯಾಸ ಒಪ್ಪುತ್ತದೆ. ಕೂದಲು ನರೆತ, ಮುಖದ ಬಣ್ಣ ಮೆದುವಾದವರಿಗೆ ತಿಳಿನೀಲಿ ಶರ್ಟಿನ ಮೇಲೆ ನಡುಮಟ್ಟದ ನೀಲಿ ಅಥವಾ ಬೂದು ಹೆಚ್ಚು ಹಿತವಾಗಿ ಕಾಣುತ್ತದೆ.

ಮೂರನೆಯ ಹೆಜ್ಜೆ: ವಿನ್ಯಾಸಗಳನ್ನು ಓದುವುದು

ಸಾದಾ ಟೈಯಿಂದಲೇ ತೊಡಗೋಣ, ಏಕೆಂದರೆ ಸಾದಾ ಎಂದರೆ ಬರಿದು ಎಂದಲ್ಲ. ನೇಯ್ಗೆಯೇ ವಿನ್ಯಾಸವಾಗುವ ಬಟ್ಟೆಗಳಿವೆ. ಅವುಗಳಲ್ಲಿ ಗ್ರೆನಡೀನ್ ಮೇಲ್ಪಂಕ್ತಿಯದು. ಇದರಲ್ಲಿ ಹಾಸಿನ ಎಳೆಗಳು ಒಂದನ್ನೊಂದು ಸುತ್ತಿಕೊಂಡು ಹೊಕ್ಕನ್ನು ಬಿಗಿಹಿಡಿಯುತ್ತವೆ, ಹಾಗಾಗಿ ಬಟ್ಟೆ ಜಾಳಿಗೆಯಂತೆ ತೆರೆದಿದ್ದರೂ ಎಳೆ ಜಾರುವುದಿಲ್ಲ. ಇಟಲಿಯ ಕೋಮೊ ಪ್ರದೇಶದ ಮಗ್ಗಗಳು ಇದಕ್ಕೆ ಹೆಸರುವಾಸಿ. ದೊಡ್ಡ ಜಾಳಿಗೆಯದನ್ನು ಗಾರ್ಜಾ ಗ್ರೊಸ್ಸಾ ಎಂದೂ ಸಣ್ಣದನ್ನು ಗಾರ್ಜಾ ಫೀನಾ ಎಂದೂ ಕರೆಯುತ್ತಾರೆ. ದೂರದಿಂದ ಅಚ್ಚ ಕಡುನೀಲಿಯಾಗಿ ಕಾಣುವ ಗ್ರೆನಡೀನ್ ಟೈ ಹತ್ತಿರದಲ್ಲಿ ಸಾವಿರ ಸಣ್ಣ ನೆರಳುಗಳನ್ನು ತೋರಿಸುತ್ತದೆ. ಮೇಲೆ ಹೇಳಿದ ಅಳತೆಗೋಲಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಸೂಟಿನಿಂದ ಹಿಡಿದು ಬಿಡಿ ಕೋಟಿನವರೆಗೆ (ಪ್ಯಾಂಟಿನ ಜೋಡಿಯಾಗಿ ಬರದ ಕೋಟು), ಪಟ್ಟೆ ಶರ್ಟಿನಿಂದ ಚೌಕಳಿ ಶರ್ಟಿನವರೆಗೆ ಎಲ್ಲದರ ಜೊತೆಗೂ ನಡೆಯುವ ಒಂದೇ ಟೈ ಬೇಕೆಂದರೆ ಅದು ಇದೇ.

ಚುಕ್ಕಿಗಳ ವಿಷಯದಲ್ಲಿ ಗಾತ್ರವೇ ಎಲ್ಲ. ಗುಂಡುಸೂಜಿಯ ತಲೆಯಷ್ಟು ಚಿಕ್ಕ ಬಿಳಿಚುಕ್ಕಿಗಳು ಕಡುನೀಲಿ ಒಡಲಿನ ಮೇಲೆ ಒತ್ತಾಗಿ ಕೂತ ಟೈ ಅತ್ಯಂತ ಔಪಚಾರಿಕ ಸಂದರ್ಭಕ್ಕೂ ಸಲ್ಲುತ್ತದೆ. ಚುಕ್ಕಿ ದೊಡ್ಡದಾಗುತ್ತ ಹೋದಂತೆ ಗಾಂಭೀರ್ಯ ಇಳಿಯುತ್ತ ಉಲ್ಲಾಸ ಏರುತ್ತದೆ. ವಿನ್‌ಸ್ಟನ್ ಚರ್ಚಿಲ್ ಕಡುನೀಲಿಯ ಮೇಲೆ ಬಿಳಿಚುಕ್ಕಿಯ ಬೋ ಟೈಯನ್ನು ಬಹುಕಾಲ ತಮ್ಮ ಗುರುತಾಗಿಸಿಕೊಂಡಿದ್ದರು; ಬೋ ಟೈಯಲ್ಲಿ ಬಟ್ಟೆ ಕಡಿಮೆ ಕಾಣುವುದರಿಂದ ದಪ್ಪ ಚುಕ್ಕಿ ಅಲ್ಲಿ ನಿಭಾಯಿಸುತ್ತದೆ, ಉದ್ದ ಟೈಯಲ್ಲಿ ಅಷ್ಟು ಸುಲಭವಲ್ಲ. ಕಡಲೆಕಾಳಿನ ಗಾತ್ರವನ್ನು ದಾಟಿದ ಚುಕ್ಕಿಯನ್ನು ಮೊದಲ ಐದು ಟೈಗಳಲ್ಲಿ ಸೇರಿಸಬೇಡಿ.

ಪಟ್ಟೆಗಳಿಗೆ ಒಂದು ಇತಿಹಾಸವಿದೆ, ಅದನ್ನು ತಿಳಿಯದೆ ಕೊಂಡರೆ ಮುಜುಗರಕ್ಕೆ ಈಡಾಗಬಹುದು. ಬ್ರಿಟನ್ನಿನಲ್ಲಿ ಸೇನಾ ತುಕಡಿಗಳು, ಶಾಲೆಗಳು, ಕ್ರಿಕೆಟ್ ಕ್ಲಬ್ಬುಗಳು ತಮ್ಮ ತಮ್ಮ ಬಣ್ಣಗಳ ಪಟ್ಟೆ ಟೈಗಳನ್ನು ಸದಸ್ಯತ್ವದ ಗುರುತಾಗಿ ಬಳಸುತ್ತ ಬಂದಿವೆ. ಕಡುನೀಲಿ ಮತ್ತು ಮರೂನ್ ಅಗಲ ಪಟ್ಟೆಗಳದು ರಾಜರಕ್ಷಕ ಗಾರ್ಡ್ಸ್ ದಳದ ಟೈ. ಕಪ್ಪಿನ ಮೇಲೆ ತೆಳುವಾದ ತಿಳಿನೀಲಿ ಪಟ್ಟೆ ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳದು. ಆ ಗುಂಪಿಗೆ ಸೇರದವರು ಅವನ್ನು ಕಟ್ಟಿಕೊಳ್ಳುವುದನ್ನು ಬಲ್ಲವರು ಒಪ್ಪುವುದಿಲ್ಲ, ಮತ್ತು ನನ್ನ ಮಟ್ಟಿಗೆ ಆ ಆಕ್ಷೇಪ ನ್ಯಾಯವಾದದ್ದೇ. ಬ್ರಿಟಿಷ್ ಪಟ್ಟೆ ಧರಿಸಿದವರ ಎಡಭುಜದ ಕಡೆಯಿಂದ ಬಲಕ್ಕೆ ಇಳಿಯುತ್ತದೆ. ಅಮೆರಿಕದ ತಯಾರಕರು ಇದನ್ನು ತಿರುಗಿಸಿ ಬಲಭುಜದಿಂದ ಎಡಕ್ಕೆ ಇಳಿಸಿದರು, ಇದರಿಂದ ಆ ಟೈ ಯಾವ ದಳದ್ದೂ ಅಲ್ಲ ಎಂಬುದು ನೋಟದಲ್ಲೇ ತಿಳಿಯುತ್ತದೆ. ಹೊರಗಿನವರಿಗೆ ಕ್ಷೇಮಕರವಾದದ್ದು ಎರಡೇ ಬಣ್ಣಗಳ, ಅಂತರ ಹೆಚ್ಚಿರುವ, ತೆಳುವಾದ ಪಟ್ಟೆ: ಕಡುನೀಲಿಯ ಮೇಲೆ ಬಿಳಿ, ಮರೂನಿನ ಮೇಲೆ ಕಡುನೀಲಿ. ನಾಲ್ಕೈದು ಬಣ್ಣಗಳ ಪಟ್ಟೆಯನ್ನು ಕಂಡರೆ ಅದು ಯಾರ ಗುರುತೋ ಇರಬಹುದೆಂದು ಊಹಿಸಿ ಕೆಳಗಿಡುವುದೇ ಲೇಸು.

ಸಣ್ಣ ಜ್ಯಾಮಿತಿಯ ವಿನ್ಯಾಸಗಳು, ಅಂದರೆ ಪುಟ್ಟ ಚೌಕ, ವಜ್ರಾಕೃತಿ, ನಾಲ್ಕೆಸಳಿನ ಹೂವು, ನನ್ನ ದೃಷ್ಟಿಯಲ್ಲಿ ಟೈ ಕಲೆಯ ತಿರುಳು. ಇಂಗ್ಲೆಂಡಿನ ಮ್ಯಾಕ್ಲ್ಸ್‌ಫೀಲ್ಡ್ ರೇಷ್ಮೆಯ ಊರು. ಕಪ್ಪು–ಬಿಳಿ–ಬೂದುಗಳಲ್ಲಿ ಒತ್ತಾಗಿ ನೇಯ್ದ ಕಿರುವಿನ್ಯಾಸದ ಬಟ್ಟೆಗೆ ಇಂದಿಗೂ ಆ ಊರಿನ ಹೆಸರೇ ನಿಂತಿದೆ. ದೂರದಿಂದ ಬೆಳ್ಳಿಬೂದಾಗಿ ಕಾಣುವ ಆ ಟೈ ಮದುವೆಯಂಥ ಶುಭ ಸಮಾರಂಭಗಳಿಗೆ ಹೇಳಿಮಾಡಿಸಿದಂತಿರುತ್ತದೆ. ನೇಯ್ದ ವಿನ್ಯಾಸಕ್ಕೂ ಅಚ್ಚು ಹಾಕಿದ ವಿನ್ಯಾಸಕ್ಕೂ ವ್ಯತ್ಯಾಸವನ್ನು ಬೆರಳೇ ಹೇಳುತ್ತದೆ: ನೇಯ್ದದ್ದರಲ್ಲಿ ಚಿತ್ರದ ಅಂಚು ತುಸು ಉಬ್ಬಿರುತ್ತದೆ, ಅಚ್ಚಿನಲ್ಲಿ ಬಟ್ಟೆ ನಯವಾಗಿ ಜಾರುತ್ತದೆ. ನೇಯ್ದದ್ದು ಹೆಚ್ಚು ಔಪಚಾರಿಕ, ಅಚ್ಚಿನದು ಹೆಚ್ಚು ಮೃದು.

ಅಚ್ಚಿನ ಟೈಗಳಲ್ಲಿ ಮ್ಯಾಡರ್ ರೇಷ್ಮೆಗೆ ವಿಶೇಷ ಮರ್ಯಾದೆ ಸಲ್ಲಬೇಕು. ನಮ್ಮ ಮಂಜಿಷ್ಠದ ಬಳಗಕ್ಕೇ ಸೇರಿದ ಗಿಡವೊಂದರ ಬೇರಿನಿಂದ ತೆಗೆಯುತ್ತಿದ್ದ ಬಣ್ಣದಿಂದ ಈ ಹೆಸರು ಬಂತು. 1869ರ ಹೊತ್ತಿಗೆ ಅದೇ ಬಣ್ಣವನ್ನು ಕೃತಕವಾಗಿ ತಯಾರಿಸುವ ವಿಧಾನ ಸಿದ್ಧವಾಗಿತ್ತು. ಹೊಳಪಿಲ್ಲದ, ಸೀಮೆಸುಣ್ಣ ಸವರಿದಂಥ ಮೈ, ಮಬ್ಬಾದ ಕೆಂಪು, ಕಡುಹಸಿರು, ಸಾಸಿವೆ ಹಳದಿ ಇದರ ಲಕ್ಷಣ. ಈ ಬಟ್ಟೆಯ ಮೇಲೆ ಹೆಚ್ಚಾಗಿ ಕಾಣುವುದು ಮಾವಿನಕಾಯಿ ವಿನ್ಯಾಸ. ಪರ್ಷಿಯಾ, ಕಾಶ್ಮೀರಗಳ ಶಾಲುಗಳಿಂದ ಹೊರಟ ಈ ಆಕೃತಿಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಊರಿನ ನೇಕಾರರು ದೊಡ್ಡ ಪ್ರಮಾಣದಲ್ಲಿ ಅನುಕರಿಸಿದ್ದರಿಂದ ಇಂಗ್ಲಿಷಿನಲ್ಲಿ ಅದಕ್ಕೆ ಆ ಊರಿನ ಹೆಸರೇ ಅಂಟಿಕೊಂಡಿದೆ. ಮಾವಿನಕಾಯಿ ಚಿಕ್ಕದಾಗಿ, ಸಾಲಾಗಿ, ಒಡಲಿಗೆ ಹತ್ತಿರದ ಬಣ್ಣದಲ್ಲಿದ್ದರೆ ಸೂಟಿಗೂ ನಡೆದೀತು. ಅಂಗೈಯಗಲದ ಮಾವಿನಕಾಯಿಗಳು ಒಂದರೊಳಗೊಂದು ಹೆಣೆದುಕೊಂಡಿದ್ದರೆ ಅದನ್ನು ಬಿಡಿ ಕೋಟಿಗೆ ಮೀಸಲಿಡಿ.

ಚೌಕಳಿ ಟೈಗಳು, ವಿಶೇಷವಾಗಿ ಉಣ್ಣೆಯವು, ರಜಾದಿನದ ಉಡುಪಿಗೆ ಸೇರಿದವು. ವ್ಯಂಗ್ಯಚಿತ್ರ, ಪ್ರಾಣಿ, ಕಂಪನಿಯ ಲಾಂಛನಗಳುಳ್ಳ ಟೈಗಳು ಒಂದು ಸಲ ನಗು ತರಿಸಿ ಆಮೇಲೆ ಸುಮ್ಮನಾಗುತ್ತವೆ. ಅವನ್ನು ಸಂಗ್ರಹದ ಲೆಕ್ಕಕ್ಕೆ ಹಿಡಿಯುವ ಅಗತ್ಯವಿಲ್ಲ.

ನಾಲ್ಕನೆಯ ಹೆಜ್ಜೆ: ಶರ್ಟು, ಕೋಟುಗಳ ಜೊತೆ ಹೊಂದಿಸುವುದು

ಎರಡು ವಿನ್ಯಾಸಗಳು ಅಕ್ಕಪಕ್ಕ ಬಂದಾಗ ಅವುಗಳ ಗಾತ್ರ ಬೇರೆ ಬೇರೆಯಾಗಿರಬೇಕು. ಶರ್ಟಿನ ಪಟ್ಟೆ ಕೂದಲೆಳೆಯಷ್ಟು ತೆಳುವಾಗಿದ್ದರೆ ಟೈಯ ಪಟ್ಟೆ ಬೆರಳಗಲ ಇರಲಿ. ಶರ್ಟಿನಲ್ಲಿ ದೊಡ್ಡ ಚೌಕಳಿಯಿದ್ದರೆ ಟೈಯಲ್ಲಿ ಕಿರುಚುಕ್ಕಿ ಇರಲಿ. ಒಂದೇ ಅಳತೆಯ ಎರಡು ಪಟ್ಟೆಗಳು ಎದುರಾದರೆ ನೋಡುವವರ ಕಣ್ಣು ಕುಣಿಯುತ್ತದೆ. ಸಣ್ಣ ಚೌಕಳಿ, ಒತ್ತಾದ ತೆಳುಪಟ್ಟೆಗಳು ವಿಡಿಯೊ ಕ್ಯಾಮೆರಾದ ಮುಂದೆ ಅಲೆಅಲೆಯಾಗಿ ಮಿನುಗುತ್ತವೆ, ಏಕೆಂದರೆ ಬಟ್ಟೆಯ ಗೆರೆಗಳ ಸಾಲು ಕ್ಯಾಮೆರಾದ ಬಿಂದುಗಳ ಸಾಲಿನೊಂದಿಗೆ ತಾಳ ತಪ್ಪುತ್ತದೆ; ಪರದೆಯ ಮೇಲೆ ಕಾಣಿಸಿಕೊಳ್ಳುವ ದಿನ ಸಾದಾ ಟೈ ಅಥವಾ ಬಿಡಿಬಿಡಿಯಾದ ಪಟ್ಟೆಯ ಟೈ ಆರಿಸಿಕೊಳ್ಳಿ.

ಕೋಟು, ಶರ್ಟು, ಟೈ ಮೂರರಲ್ಲಿ ಒಂದಾದರೂ ಸಾದಾ ಇರಲಿ ಎಂಬ ನಿಯಮವನ್ನು ಕೈ ಪಳಗುವವರೆಗೆ ಬಿಡಬೇಡಿ. ಬಣ್ಣ ಹೊಂದಿಸಲು ಟೈಯ ವಿನ್ಯಾಸದಲ್ಲಿರುವ ಒಂದು ಸಣ್ಣ ಬಣ್ಣ ಶರ್ಟಿನಲ್ಲೋ ಕೋಟಿನಲ್ಲೋ ಮರುಕಳಿಸಿದರೆ ಸಾಕು. ಬಟ್ಟೆಗಳ ಮೈ ಕೂಡ ಒಂದಕ್ಕೊಂದು ಹೊಂದಬೇಕು: ಒರಟು ಉಣ್ಣೆಯ ಕೋಟಿಗೆ ನುಣುಪಾದ ರೇಷ್ಮೆ ಟೈ ಪರಕೀಯವಾಗಿ ಕಾಣುತ್ತದೆ, ಅದಕ್ಕೆ ಉಣ್ಣೆಯ ಅಥವಾ ಹೆಣಿಗೆಯ ಟೈ ಬೇಕು. ಕೋಟಿನ ಜೇಬಿನ ಕರ್ಚೀಫು ಟೈಯ ಬಟ್ಟೆಯದೇ ಆಗಿರುವ ಜೋಡಿ ಸೆಟ್ಟುಗಳನ್ನು ಕೊಳ್ಳಲೇಬೇಡಿ. ಸಾದಾ ಬಿಳಿ ಕರ್ಚೀಫು ಯಾವ ಟೈಗೂ ಸಲ್ಲುತ್ತದೆ.

ಐದನೆಯ ಹೆಜ್ಜೆ: ಕೈಯಲ್ಲಿ ಹಿಡಿದು ಪರೀಕ್ಷಿಸುವುದು

ಟೈಯ ಬಟ್ಟೆಯನ್ನು ಹಾಸುಹೊಕ್ಕುಗಳಿಗೆ 45 ಡಿಗ್ರಿ ಓರೆಯಾಗಿ, ದರ್ಜಿಗಳು ಕ್ರಾಸ್ ಎನ್ನುವ ರೀತಿಯಲ್ಲಿ, ಕತ್ತರಿಸುತ್ತಾರೆ. ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ 1920ರ ದಶಕದಲ್ಲಿ ಇಂಥ ಓರೆ ಕತ್ತರಿಕೆಯ ಮೂರು ತುಂಡುಗಳನ್ನು ಜೋಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಇಂದಿನ ಟೈ ಹೊಲಿಯುವುದು ಹಾಗೆಯೇ. ಓರೆಯಾಗಿ ಕತ್ತರಿಸಿದ ಬಟ್ಟೆ ತುಸು ಹಿಗ್ಗಿ ಮತ್ತೆ ಸ್ವಸ್ಥಾನಕ್ಕೆ ಮರಳುವುದರಿಂದ ಗಂಟು ಹಾಕಿದ ಟೈ ಮರುದಿನಕ್ಕೆ ಮೊದಲಿನ ಆಕಾರ ಪಡೆಯುತ್ತದೆ. ನೇಯ್ದ ಪಟ್ಟೆ ಟೈಯ ಮೇಲೆ ಓರೆಯಾಗಿ ಇಳಿಯುವುದಕ್ಕೂ ಈ ಕತ್ತರಿಕೆಯೇ ಕಾರಣ.

ಈಗ ಟೈಯನ್ನು ಅದರ ನಡುವಿನ ಕಿರಿದಾದ ಭಾಗದಲ್ಲಿ ಎರಡು ಬೆರಳಿನಿಂದ ಹಿಡಿದೆತ್ತಿ, ಎರಡೂ ತುದಿಗಳನ್ನು ಇಳಿಬಿಡಿ. ಸರಿಯಾಗಿ ಕತ್ತರಿಸಿದ ಟೈ ನೇರವಾಗಿ ತೂಗುತ್ತದೆ. ತುದಿ ತಾನಾಗಿಯೇ ಒಂದು ಪಕ್ಕಕ್ಕೆ ಹೊರಳಿದರೆ ಬಟ್ಟೆಯನ್ನು ಉಳಿಸಲು ಕೋನ ತಪ್ಪಿಸಿ ಕತ್ತರಿಸಿದ್ದಾರೆ ಎಂದರ್ಥ, ಮತ್ತು ಅದು ಎದೆಯ ಮೇಲೂ ಹಾಗೆಯೇ ಹೊರಳುತ್ತದೆ. ಬಳಿಕ ಟೈಯನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿ ಬಿಡಿ: ಒಳಗೆ ಉಣ್ಣೆಯ ಪದರವಿದ್ದರೆ ಸುಕ್ಕು ನೋಡನೋಡುತ್ತ ಬಿಚ್ಚಿಕೊಳ್ಳುತ್ತದೆ, ಅಗ್ಗದ ಗಟ್ಟಿ ಪದರವಿದ್ದರೆ ರಟ್ಟು ಮಡಚಿದಂತೆ ಗೆರೆ ಉಳಿಯುತ್ತದೆ. ಹಿಂಭಾಗ ತಿರುಗಿಸಿ, ಅಗಲ ತುದಿಯಿಂದ ನಾಲ್ಕೈದು ಬೆರಳು ಮೇಲೆ ಎರಡು ಅಂಚುಗಳನ್ನು ಹಿಡಿದಿರುವ ದಪ್ಪ ಅಡ್ಡಹೊಲಿಗೆ ಇದೆಯೇ ನೋಡಿ. ಅದರ ಒಳಗೆ ಇಣುಕಿದರೆ ಕೈಹೊಲಿಗೆಯ ಟೈಗಳಲ್ಲಿ ಒಂದು ಸಡಿಲವಾದ ದಾರ ಕಾಣುತ್ತದೆ. ಬೆನ್ನಿನ ಉದ್ದಕ್ಕೂ ಓಡುವ ಆ ಒಂದೇ ದಾರದ ಮೇಲೆ ಇಡೀ ಟೈ ಜಾರಿ, ಹಿಗ್ಗಿ, ಮರಳುತ್ತದೆ. ಬಿಡಿ ದಾರವೆಂದು ಭಾವಿಸಿ ಅದನ್ನು ಕತ್ತರಿಸಿದರೆ ಟೈಯ ಬೆನ್ನು ಬಿಚ್ಚಿಹೋಗುತ್ತದೆ.

ಅಳತೆಯ ವಿಷಯ ಸರಳ. ಅತಿ ಅಗಲವಾದ ಜಾಗದಲ್ಲಿ 8ರಿಂದ 9 ಸೆಂಟಿಮೀಟರ್ ಇರುವ ಟೈ ಫ್ಯಾಷನ್ ಬದಲಾದರೂ ಹಳತಾಗುವುದಿಲ್ಲ; ಕೋಟಿನ ಲ್ಯಾಪೆಲ್, ಅಂದರೆ ಎದೆಯ ಮೇಲೆ ಹೊರಮಡಚಿದ ಪಟ್ಟಿ, ಎಷ್ಟು ಅಗಲವೋ ಹೆಚ್ಚುಕಡಿಮೆ ಟೈಯೂ ಅಷ್ಟೇ ಇರಲಿ. ಕಟ್ಟಿದ ಮೇಲೆ ತುದಿ ಪ್ಯಾಂಟಿನ ಸೊಂಟಪಟ್ಟಿಯನ್ನು ಮುಟ್ಟಬೇಕು. ಸಾಮಾನ್ಯ ಉದ್ದ 145ರಿಂದ 150 ಸೆಂಟಿಮೀಟರ್. ತುಂಬ ಎತ್ತರದವರು ಇನ್ನೂ ಉದ್ದದ್ದನ್ನು ಕೇಳಿ ಪಡೆಯಬೇಕು.

ಗಂಟುಗಳ ಬಗ್ಗೆ ಒಂದೆರಡು ಮಾತು ಸಾಕು. ಕೇಂಬ್ರಿಜ್‌ನ ಭೌತವಿಜ್ಞಾನಿಗಳಾದ ಥಾಮಸ್ ಫಿಂಕ್ ಮತ್ತು ಯಾಂಗ್ ಮಾವೊ 1999ರಲ್ಲಿ ಸಾಮಾನ್ಯ ಟೈಗೆ 85 ಬಗೆಯ ಗಂಟುಗಳು ಸಾಧ್ಯವೆಂದು ಗಣಿತದಿಂದ ತೋರಿಸಿದರು. ನಿತ್ಯಕ್ಕೆ ಫೋರ್ ಇನ್ ಹ್ಯಾಂಡ್ ಎಂಬ ಸರಳ ಗಂಟು ಒಂದೇ ಸಾಕು. ಅದು ಒಂದು ಪಕ್ಕಕ್ಕೆ ತುಸು ವಾಲಿಕೊಂಡಿರುವುದೇ ಅದರ ಚೆಲುವು. ಬಿಗಿಯುವ ಮೊದಲು ಗಂಟಿನ ಕೆಳಗೆ ತೋರುಬೆರಳಿನಿಂದ ಬಟ್ಟೆಯನ್ನು ಒತ್ತಿಹಿಡಿದರೆ ಅಲ್ಲಿ ಒಂದು ಗುಳಿ ಬೀಳುತ್ತದೆ, ಆ ಗುಳಿಯಿಂದಲೇ ಟೈ ಜೀವ ತಳೆಯುತ್ತದೆ. ಕಾಲರ್ ತುಂಬ ಅಗಲವಾಗಿ ತೆರೆದಿದ್ದರೆ ಮಾತ್ರ ಹಾಫ್ ವಿಂಡ್ಸರ್ ಎಂಬ ತುಸು ದಪ್ಪಗಿನ ಗಂಟನ್ನು ಬಳಸಿ.

ಆರನೆಯ ಹೆಜ್ಜೆ: ಕೊಳ್ಳುವ ಕ್ರಮ

ಮೊದಲನೆಯದು ಕಡುನೀಲಿ ಗ್ರೆನಡೀನ್, ಅದು ಸಿಗದಿದ್ದರೆ ಹೊಳಪಿಲ್ಲದ ಯಾವುದೇ ನೇಯ್ಗೆಯ ಕಡುನೀಲಿ. ಅದನ್ನು ಒಂದು ತಿಂಗಳು ಕಟ್ಟಿದ ಮೇಲೆ ಕಡುನೀಲಿಯ ಮೇಲೆ ಬಿಳಿ ಕಿರುಚುಕ್ಕಿಯದು, ಬಳಿಕ ಮರೂನ್ ಒಡಲಿನ ತೆಳುಪಟ್ಟೆಯದು. ಈ ಮೂರರಿಂದ ಕೆಲಸಕ್ಕೆ ಹೋಗುವ ಯಾವುದೇ ವಾರವನ್ನು ಯಾರಿಗೂ ಬೇಸರವಾಗದಂತೆ ಕಳೆಯಬಹುದು. ಹಣ ಕಡಿಮೆಯಿದ್ದರೆ ಆರು ಸಾಧಾರಣ ಟೈಗಳ ಬದಲು ಈ ಮೂರನ್ನು ಒಳ್ಳೆಯ ಗುಣಮಟ್ಟದಲ್ಲಿ ಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ.

ನಾಲ್ಕನೆಯದಾಗಿ ಸಮಾರಂಭಗಳಿಗೆ ಬೆಳ್ಳಿಬೂದಿನ ಕಿರುವಿನ್ಯಾಸ. ಐದನೆಯದಾಗಿ ಕಡುನೀಲಿ ಅಥವಾ ಕಂದು ರೇಷ್ಮೆಯ ಹೆಣಿಗೆ ಟೈ. ಹೆಣಿಗೆ ಟೈಯ ತುದಿ ಚೂಪಾಗಿರದೆ ಚೌಕವಾಗಿರುತ್ತದೆ, ಮುಟ್ಟಿದರೆ ಗರಗರ ಎನ್ನುತ್ತದೆ; ಟೈ ಕಟ್ಟಲೇಬೇಕಾದರೂ ಬಿಗುಮಾನ ಬೇಡವೆನಿಸಿದ ದಿನಕ್ಕೆ ಅದು ಸರಿಯಾದ ಉತ್ತರ. ಆರು ಮತ್ತು ಏಳನೆಯ ಜಾಗಗಳಲ್ಲಿ ನಿಮ್ಮ ಅಭಿರುಚಿಗೆ ಸ್ವಾತಂತ್ರ್ಯ ಕೊಡಿ: ಕಡುಹಸಿರು ಮ್ಯಾಡರ್, ಸಣ್ಣ ಮಾವಿನಕಾಯಿ, ಬೂದು ಉಣ್ಣೆ. ಏಳಾದ ಮೇಲೆ ಹೊಸದೊಂದನ್ನು ತರುವ ಮೊದಲು, ಮನೆಯಲ್ಲಿರುವ ಯಾವ ಕೋಟು–ಶರ್ಟು ಜೋಡಿಗೆ ಸರಿಯಾದ ಟೈ ಇಲ್ಲವೆಂದು ಆ ಹಳೆಯ ಹಾಳೆಯನ್ನು ತೆಗೆದು ನೋಡಿ. ಉತ್ತರ ಸಿಗದಿದ್ದರೆ ಕೊಳ್ಳುವುದನ್ನು ಮುಂದಕ್ಕೆ ಹಾಕಿ. ಹನ್ನೆರಡಕ್ಕಿಂತ ಹೆಚ್ಚು ಟೈಗಳನ್ನು ನಿಜವಾಗಿ ಬಳಸುವವರು ವಿರಳ.

ಏಳನೆಯ ಹೆಜ್ಜೆ: ಜೋಪಾನ

ಟೈ ಬಿಚ್ಚುವಾಗ ಸಣ್ಣ ತುದಿಯನ್ನು ಗಂಟಿನಿಂದ ಸರ್‍ರೆಂದು ಎಳೆಯಬೇಡಿ. ಕಟ್ಟಿದ ಕ್ರಮವನ್ನೇ ಹಿಂದುಮುಂದಾಗಿ ನಡೆಸಿ ಬಿಚ್ಚಿ. ಒಂದು ದಿನ ಕಟ್ಟಿದ ಟೈಗೆ ಕನಿಷ್ಠ ಒಂದು ದಿನ ಬಿಡುವು ಕೊಡಿ. ನೇಯ್ದ ರೇಷ್ಮೆಯನ್ನು ತೂಗುಹಾಕಬಹುದು, ಹೆಣಿಗೆಯದನ್ನು ಸುರುಳಿ ಸುತ್ತಿಡಬೇಕು, ಇಲ್ಲದಿದ್ದರೆ ತನ್ನ ಭಾರಕ್ಕೆ ತಾನೇ ಜಗ್ಗಿ ಉದ್ದವಾಗುತ್ತದೆ. ಕಲೆಯಾದರೆ ನೀರು ಹಾಕಿ ಉಜ್ಜಬೇಡಿ, ರೇಷ್ಮೆಯ ಮೇಲೆ ನೀರೇ ಇನ್ನೊಂದು ಕಲೆಯಾಗುತ್ತದೆ. ಒಣಗಿದ ಬಿಳಿ ಬಟ್ಟೆಯಿಂದ ಒತ್ತಿ ಹೀರಿಸಿ. ಎಣ್ಣೆಯ ಕಲೆಗೆ ಟಾಲ್ಕಂ ಪೌಡರ್ ಉದುರಿಸಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಮೆದುವಾದ ಬ್ರಷ್‌ನಿಂದ ಕೊಡವಿ.

ಇಸ್ತ್ರಿಯನ್ನು ನೇರವಾಗಿ ತಾಗಿಸಲೇಬೇಡಿ. ನನ್ನ ಒಂದು ಒಳ್ಳೆಯ ಮರೂನ್ ಟೈಯನ್ನು ಲಾಂಡ್ರಿಯೊಂದಕ್ಕೆ ಕೊಟ್ಟಾಗ ಅವರು ಅಂಚುಗಳನ್ನು ಕಾಗದದಂತೆ ಚಪ್ಪಟೆಯಾಗಿ ಒತ್ತಿ ಹಿಂತಿರುಗಿಸಿದರು. ಕೈಯಿಂದ ಉರುಳಿಸಿ ಹೊಲಿದ ಅಂಚಿನ ದುಂಡುತನ ಅಲ್ಲಿಗೆ ಮುಗಿದುಹೋಯಿತು, ಗಂಟಿನ ಕೆಳಗೆ ಗುಳಿಯೂ ನಿಲ್ಲದಾಯಿತು. ಸುಕ್ಕು ತೆಗೆಯಬೇಕಿದ್ದರೆ ಬಿಸಿನೀರಿನ ಹಬೆಯಿರುವ ಸ್ನಾನದ ಕೋಣೆಯಲ್ಲಿ ನೀರು ಸಿಡಿಯದ ಜಾಗದಲ್ಲಿ ತೂಗುಹಾಕಿದರೆ ಸಾಕಾಗುತ್ತದೆ. ಬೆನ್ನಿನ ಹೊಲಿಗೆ ಬಿಟ್ಟರೆ ಕೈಹೊಲಿಗೆ ಬಲ್ಲ ದರ್ಜಿ ಅದನ್ನು ಸರಿಪಡಿಸಬಲ್ಲರು. ಅತಿ ಅಗಲವಾದ ಹಳೆಯ ಟೈಯನ್ನು ಬಿಚ್ಚಿ ಕಿರಿದಾಗಿಸಿಯೂ ಕೊಡಬಲ್ಲರು. ಆದರೆ ಗಂಟು ಬೀಳುವ ಜಾಗದಲ್ಲಿ ಅಥವಾ ತುದಿಯ ಅಂಚಿನಲ್ಲಿ ರೇಷ್ಮೆ ಸವೆದು ಒಳಪದರ ಇಣುಕಲು ತೊಡಗಿದರೆ ಅದಕ್ಕೆ ರಿಪೇರಿಯಿಲ್ಲ. ಅಂಥ ಟೈ ಅಡಿಪಾಯದ ಮೂರರಲ್ಲಿ ಒಂದಾಗಿದ್ದರೆ ಬೇರೆ ಪ್ರಯೋಗಕ್ಕೆ ಹೋಗದೆ ಅದೇ ಬಣ್ಣದ, ಅದೇ ನೇಯ್ಗೆಯ ಇನ್ನೊಂದನ್ನು ತಂದು ಅದರ ಜಾಗದಲ್ಲಿಡಿ.